ನೂರು ರೂಪಾಯಿಯಲ್ಲಿ 64 ಪೈಸೆ

2023ರ ಆಗಸ್ಟ್ 23ರ ಸಂಜೆ ಚಂದ್ರಯಾನ-3ರ ನೌಕೆ ಚಂದ್ರನ ಮೇಲೆ ಇಳಿದಾಗ ಭಟ್ಕಳದಿಂದ ಕುಮಟಾದವರೆಗೆ ಟಿ.ವಿ. ಇದ್ದಲ್ಲೆಲ್ಲ ಜನ ನೆರೆದಿದ್ದರು. ಮರುದಿನದ ಚಹದಂಗಡಿಗಳಲ್ಲಿ ಇನ್ನೊಂದು ಮಾತೂ ಕೇಳಿಬಂತು. 'ಅಲ್ಲ ಮಾರಾಯ್ರೇ, ಅಷ್ಟೆಲ್ಲ ದುಡ್ಡು ಮೇಲೆ ಕಳಿಸುವವರು ನಮ್ಮ ಹೆದ್ದಾರಿ ಕೆಲಸ ಒಂದನ್ನು ಮುಗಿಸಿಕೊಡಬಾರದಾ?' ಹೀಗೆ ಕೇಳಿದವರನ್ನು ತಿಳಿವಳಿಕೆಯಿಲ್ಲದವರೆಂದು ತಳ್ಳಿಹಾಕುವುದು ಸುಲಭ. ನನಗೆ ಮಾತ್ರ ಅದು ಅರ್ಥಶಾಸ್ತ್ರದ ಅಸಲು ಪ್ರಶ್ನೆ ಎಂದೇ ಅನಿಸುತ್ತದೆ. ಸಂಶೋಧನೆಗೆ ದೇಶ ಹಾಕಿದ ದುಡ್ಡು ಎಲ್ಲಿಗೆ ಹೋಗುತ್ತದೆ? ಎಷ್ಟು ವರ್ಷಕ್ಕೆ, ಯಾರ ಮನೆಗೆ ತಿರುಗಿ ಬರುತ್ತದೆ? ಇವತ್ತು ಈ ಲೆಕ್ಕವನ್ನು ದಿಲ್ಲಿಯ ಕಡತಗಳಿಂದ ಬಿಡಿಸುವುದು ಬೇಡ. ಭಟ್ಕಳ, ಹೊನ್ನಾವರ, ಕುಮಟಾ ಎಂಬ ನಮ್ಮ ಮೂರು ತಾಲೂಕುಗಳ ತೋಟ, ಕಡಲು, ಕಾಡಿನಿಂದಲೇ ಬಿಡಿಸೋಣ.

ಒಂದು ಅಂಕಿಯನ್ನಷ್ಟೇ ಮೊದಲು ಹೇಳಿಬಿಡುತ್ತೇನೆ. 2020-21ರಲ್ಲಿ ಭಾರತ ಸಂಶೋಧನೆ ಮತ್ತು ಅಭಿವೃದ್ಧಿಗೆ ಮಾಡಿದ ವೆಚ್ಚ, ಸರಕಾರದ್ದು ಖಾಸಗಿಯವರದ್ದು ಎಲ್ಲ ಸೇರಿ, ಸುಮಾರು 1,27,000 ಕೋಟಿ ರೂಪಾಯಿ. ಕೇಳಲು ದೊಡ್ಡ ಮೊತ್ತವೇ. ಆದರೆ ದೇಶದ ಒಟ್ಟು ಉತ್ಪನ್ನದಲ್ಲಿ ಅದು ಶೇ. 0.64. ಅಂದರೆ ದೇಶ ದುಡಿದ ನೂರು ರೂಪಾಯಿಯಲ್ಲಿ 64 ಪೈಸೆ. ಇದೇ ನೂರರಲ್ಲಿ ಚೀನ ಎರಡೂವರೆ ರೂಪಾಯಿಯ ಆಸುಪಾಸು ಹಾಕುತ್ತದೆ, ದಕ್ಷಿಣ ಕೊರಿಯ ಐದರ ಹತ್ತಿರ. ನಮ್ಮ ಹೆದ್ದಾರಿ ನಿಂತದ್ದು ಈ 64 ಪೈಸೆಯ ದೆಸೆಯಿಂದ ಅಲ್ಲ ಎಂಬುದಂತೂ ಖಾತ್ರಿ.

ಈಗ ತೋಟಕ್ಕೆ ಇಳಿಯೋಣ.

ಮೃಗಶಿರ ಮಳೆ ಹಿಡಿಯುವ ಮುಂಚೆ ಹೊನ್ನಾವರ, ಕುಮಟಾ ಸೀಮೆಯ ಅಡಿಕೆ ತೋಟಗಳಲ್ಲಿ ಮದ್ದು ಹೊಡೆಯುವ ಗಡಿಬಿಡಿ. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಎರಡನ್ನೂ ಬೇರೆ ಬೇರೆ ಕರಗಿಸಿ ಆಮೇಲೆ ಕೂಡಿಸಬೇಕು. ಹದ ಬಂತೋ ಇಲ್ಲವೋ ನೋಡಲು ಕಬ್ಬಿಣದ ಕತ್ತಿಯನ್ನು ಅದ್ದಿ ಎತ್ತುತ್ತಾರೆ. ಅಲಗಿಗೆ ತಾಮ್ರದ ಕೆಂಪು ಹತ್ತಿತೋ, ಸುಣ್ಣ ಸಾಲದು. ಕೊನೆಗೌಡ ಮರ ಹತ್ತಿ, ಒಂದೊಂದು ಕೊನೆಗೂ ತಾಗುವಂತೆ ಹೊಡೆದು, ನಲವತ್ತು ನಲವತ್ತೈದು ದಿನ ಕಳೆದ ಮೇಲೆ ಇನ್ನೊಂದು ಸಲ. ಈಚೆಗೆ ಮರ ಹತ್ತುವವರು ಸಿಗುವುದಿಲ್ಲವೆಂದು ಕೆಲವರು ಕಾರ್ಬನ್ ಫೈಬರ್ ದೋಟಿ ತರಿಸಿ ನೆಲದ ಮೇಲೆ ನಿಂತೇ ಹೊಡೆಯುತ್ತಾರೆ. ವಿಮಾನಕ್ಕೂ ರಾಕೆಟ್ಟಿಗೂ ಬೇಕೆಂದು ಜಗತ್ತು ದುಡ್ಡು ಸುರಿದು ಬೆಳೆಸಿದ ವಸ್ತು ಅದು. ಅಡಿಕೆಗೆ ಆಗುತ್ತದೆಂದು ಯಾರೂ ಎಣಿಸಿರಲಿಲ್ಲ.

ಈ ಮದ್ದು ಅಜ್ಜನ ಕಾಲದ್ದು ಎನ್ನುತ್ತೇವೆ. ಹೌದು. ಆದರೆ ಅಜ್ಜನ ಅಜ್ಜನಿಗೆ ಅದು ಗೊತ್ತಿರಲಿಲ್ಲ. ಆತ ಮಳೆ ತಾಗದಂತೆ ಕೊನೆಗಳಿಗೆ ಕೊಟ್ಟೆ ಕಟ್ಟುತ್ತಿದ್ದ. ಕಟ್ಟಿದಷ್ಟು ಉಳಿಯಿತು, ಬಿಟ್ಟದ್ದು ಕೊಳೆತು ಉದುರಿತು. ಜುಲೈ-ಆಗಸ್ಟಿನಲ್ಲಿ ಮಳೆಯ ನಡುವೆ ಒಂದಿಷ್ಟು ಬಿಸಿಲು ಬಂದು ಹೋದರೆ ಸಾಕು, ಎಳೆಯ ಕಾಯಿಗಳ ಬುಡದಲ್ಲಿ ನೀರು ಕುಡಿದಂಥ ಕಲೆ ಎದ್ದು, ಕೊಳೆ ಕೊನೆಯಿಂದ ಕೊನೆಗೆ, ಮರದಿಂದ ಮರಕ್ಕೆ ಹಬ್ಬುತ್ತಿತ್ತು. ಅದು ದೇವರ ಕೋಪವೋ, ಗಾಳಿಯ ದೋಷವೋ, ಯಾರಿಗೂ ತಿಳಿದಿರಲಿಲ್ಲ.

1908ರಲ್ಲಿ ಮೈಸೂರು ಸಂಸ್ಥಾನ ಲೆಸ್ಲಿ ಕೋಲ್ಮನ್ ಎಂಬ ಕೆನಡಾದ ತರುಣ ವಿಜ್ಞಾನಿಯನ್ನು ಸಂಬಳ ಕೊಟ್ಟು ಕರೆಸಿಕೊಂಡಿತು. ಶಿಲೀಂಧ್ರ ಮತ್ತು ಕೀಟಗಳನ್ನು ಓದಿಕೊಂಡವರು. ಅವರು ಮಲೆನಾಡಿನ ತೋಟಗಳಿಗೆ ಹೋಗಿ ಮಳೆಗಾಲದಲ್ಲೇ ಈ ರೋಗದ ಬೆನ್ನು ಹತ್ತಿದರು. 1910ರಲ್ಲಿ ಅವರ ಬರಹ ಅಚ್ಚಾಯಿತು: ಕೊಳೆರೋಗಕ್ಕೆ ಕಾರಣ ಫೈಟಾಫ್ತೊರಾ ಎಂಬ ಶಿಲೀಂಧ್ರದಂಥ ಸೂಕ್ಷ್ಮಜೀವಿ. ಐರ್ಲೆಂಡಿನಲ್ಲಿ ಬಟಾಟೆ ಬೆಳೆಯನ್ನು ಕೊಳೆಸಿ ಲಕ್ಷಗಟ್ಟಲೆ ಜನರನ್ನು ಹಸಿವಿನಿಂದ ಕೊಂದದ್ದರ ದಾಯಾದಿ. ಔಷಧ ಆಗಲೇ ಫ್ರಾನ್ಸಿನಲ್ಲಿ ಇತ್ತು. ಬೋರ್ಡೋ ಪ್ರಾಂತ್ಯದ ದ್ರಾಕ್ಷಿ ಬೆಳೆಗಾರರು ದಾರಿಹೋಕರು ಹಣ್ಣು ಕದಿಯದಿರಲೆಂದು ರಸ್ತೆ ಬದಿಯ ಬಳ್ಳಿಗಳಿಗೆ ತುತ್ತ-ಸುಣ್ಣ ಎರಚುತ್ತಿದ್ದರು. ಎರಚಿದ ಬಳ್ಳಿಗಳಿಗೆ ಮಾತ್ರ ರೋಗ ತಾಗದಿದ್ದದ್ದನ್ನು ಮಿಲ್ಲಾರ್ಡೆ ಎಂಬ ಪ್ರಾಧ್ಯಾಪಕರು ಗಮನಿಸಿ, 1885ರಲ್ಲಿ ಅದರ ಹದವನ್ನು ಜಗತ್ತಿಗೆ ಹೇಳಿದ್ದರು. ಆದರೆ ಫ್ರಾನ್ಸಿನ ಮಳೆ ಬೇರೆ, ಆಗುಂಬೆಯ ಮಳೆ ಬೇರೆ. ಹೊಡೆದ ಮದ್ದು ಒಂದೇ ದಿನದಲ್ಲಿ ತೊಳೆದುಹೋದರೆ ಏನು ಮಾಡುವುದು? ಅದಕ್ಕೆ ರಾಳ ಮತ್ತು ಸೋಡಾದ ಅಂಟು ಬೆರೆಸಿ ಮದ್ದು ಕಾಯಿಗೆ ಕಚ್ಚಿ ನಿಲ್ಲುವಂತೆ ಮಾಡಿದ್ದು ಕೋಲ್ಮನ್ನರ ಕೆಲಸ. ಯಾವಾಗ ಹೊಡೆಯಬೇಕು, ಎಷ್ಟು ಸಲ ಹೊಡೆಯಬೇಕು ಎಂಬುದನ್ನು ತೋಟದಲ್ಲೇ ನಿಂತು ತೋರಿಸಿದ್ದೂ ಆ ಕೆಲಸದ ಭಾಗವೇ.

ಈಗ ಲೆಕ್ಕ ನೋಡಿ. ಸಂಸ್ಥಾನಕ್ಕೆ ತಗುಲಿದ್ದು ಒಬ್ಬರ ಸಂಬಳ, ಕೆಲವು ಸಹಾಯಕರು, ಸ್ವಲ್ಪ ತುತ್ತ, ಎರಡು-ಮೂರು ವರ್ಷ. ಉಳಿದದ್ದು ಅಂದಿನಿಂದ ಇಂದಿನವರೆಗೆ, ಒಂದು ಶತಮಾನಕ್ಕೂ ಮಿಕ್ಕಿ, ಪ್ರತಿ ಮಳೆಗಾಲದ ಅಡಿಕೆ. ಇನ್ನೂ ಒಂದು ಸೊಗಸು ಇದೆ. ದುಡ್ಡು ಹಾಕಿದ್ದು ಮೈಸೂರು. ಆಗ ನಮ್ಮ ಜಿಲ್ಲೆ ಮೈಸೂರಿನದ್ದಲ್ಲ, ಮುಂಬಯಿ ಪ್ರಾಂತ್ಯದ್ದು. ಗೇರುಸೊಪ್ಪೆಯ ಘಟ್ಟ ಇಳಿದು ಬಂದ ಈ ತಿಳಿವಳಿಕೆಗೆ ಯಾರೂ ಸುಂಕ ಕೇಳಲಿಲ್ಲ, ಪರವಾನಗಿ ಕೇಳಲಿಲ್ಲ. ಒಬ್ಬ ರೈತ ಅದನ್ನು ಬಳಸಿದ್ದರಿಂದ ಇನ್ನೊಬ್ಬನಿಗೆ ಕಡಿಮೆ ಬೀಳಲೂ ಇಲ್ಲ.

ಅರ್ಥಶಾಸ್ತ್ರಜ್ಞರು ದೊಡ್ಡ ದೊಡ್ಡ ಸಮೀಕರಣಗಳಲ್ಲಿ ಹೇಳುವುದು ಇದನ್ನೇ. ರಾಬರ್ಟ್ ಸೋಲೋ ಎಂಬವರು 1957ರಲ್ಲಿ ಅಮೆರಿಕದ ನಲವತ್ತು ವರ್ಷಗಳ ಬೆಳವಣಿಗೆಯನ್ನು ಬಿಡಿಸಿ ನೋಡಿದರು. ಒಬ್ಬ ಕೆಲಸಗಾರನ ಒಂದು ಗಂಟೆಯ ಉತ್ಪತ್ತಿ ಆ ಅವಧಿಯಲ್ಲಿ ಎರಡು ಪಟ್ಟಾಗಿತ್ತು. ಯಂತ್ರ-ಬಂಡವಾಳ ಹೆಚ್ಚಾದದ್ದರಿಂದ ಬಂದದ್ದು ಅದರಲ್ಲಿ ಎಂಟನೇ ಒಂದು ಪಾಲು. ಉಳಿದ ಏಳು ಪಾಲು ಬಂದದ್ದು ಕೆಲಸ ಮಾಡುವ ರೀತಿಯೇ ಸುಧಾರಿಸಿದ್ದರಿಂದ. ಆ ಸುಧಾರಣೆ ಆಕಾಶದಿಂದ ಉದುರುವುದಿಲ್ಲ, ಯಾರೋ ದುಡ್ಡು ಹಾಕಿ ಹುಡುಕಬೇಕು ಎಂದು 1990ರಲ್ಲಿ ಪಾಲ್ ರೋಮರ್ ಸಿದ್ಧಾಂತ ಕಟ್ಟಿದರು. ಅವರಿಗೆ 2018ರಲ್ಲಿ ನೊಬೆಲ್ ಬಂತು. 2025ರ ಅರ್ಥಶಾಸ್ತ್ರದ ನೊಬೆಲ್ ಕೂಡ ಹೊಸ ಶೋಧಗಳಿಂದ ಬೆಳವಣಿಗೆ ಹೇಗೆ ಆಗುತ್ತದೆಂದು ಬಿಡಿಸಿ ಹೇಳಿದ ಮೂವರಿಗೇ ಹೋಯಿತು. ತೊಡಕು ಇರುವುದು ಇಲ್ಲಿ: ಕೊಳೆಮದ್ದಿನಂಥ ತಿಳಿವಳಿಕೆ ಎಲ್ಲರಿಗೂ ಪುಕ್ಕಟೆ ಸಿಗುವುದರಿಂದ, ಅದನ್ನು ಹುಡುಕಲು ಯಾವ ಕಂಪನಿಯೂ ತನ್ನ ಗಂಟು ಬಿಚ್ಚುವುದಿಲ್ಲ. ಮೈಸೂರಿನಂಥ ಒಂದು ಸಂಸ್ಥಾನ ಹಾಕಿದರೂ ಲಾಭದ ಅರ್ಧ ನೆರೆಯವರಿಗೆ ಸೋರುತ್ತದೆ. ದೇಶವೇ ಹಾಕಿದರೆ ಸೋರಿದ್ದೂ ದೇಶದೊಳಗೇ ಉಳಿಯುತ್ತದೆ. ರಾಷ್ಟ್ರೀಯ ಹೂಡಿಕೆ ಬೇಕು ಎನ್ನುವುದಕ್ಕೆ ನನಗೆ ಇದಕ್ಕಿಂತ ಗಟ್ಟಿ ಕಾರಣ ಬೇರೆ ಕಂಡಿಲ್ಲ.

ಕಡಲಿನ ಕತೆ ಇಷ್ಟು ಸಸಾರವಲ್ಲ.

1963ರ ನವೆಂಬರ್ 21ರಂದು ಕೇರಳದ ತುಂಬಾ ಎಂಬ ಮೀನುಗಾರರ ಹಳ್ಳಿಯಿಂದ ಭಾರತದ ನೆಲದ ಮೊದಲ ರಾಕೆಟ್ ಹಾರಿತು. ಅಲ್ಲಿನ ಮೀನುಗಾರ ಕುಟುಂಬಗಳು ತಮ್ಮ ಇಗರ್ಜಿಯನ್ನೇ ಬಿಟ್ಟುಕೊಟ್ಟಿದ್ದವು. ವಿಜ್ಞಾನಿಗಳು ಅದರೊಳಗೇ ಕೂತು ಕೆಲಸ ಮಾಡಿದರು. ಮೂವತ್ತಾರು ವರ್ಷಗಳ ಮೇಲೆ, 1999ರ ಮೇ ತಿಂಗಳಲ್ಲಿ, ಇಸ್ರೋ ಓಶನ್‌ಸ್ಯಾಟ್ ಉಪಗ್ರಹವನ್ನು ಮೇಲೆ ಕಳಿಸಿತು. ಕಡಲಿನ ಬಣ್ಣವನ್ನು ಅಳೆಯುವುದು ಅದರ ಕೆಲಸ. ಅದೇ ವರ್ಷ ಹೈದರಾಬಾದಿನಲ್ಲಿ ಇನ್‌ಕಾಯಿಸ್ ಎಂಬ ಸಾಗರ ಮಾಹಿತಿ ಕೇಂದ್ರ ಶುರುವಾಯಿತು. ಕಡಲಿನ ಆಳದಿಂದ ತಣ್ಣೀರು ಮೇಲೇಳುವಲ್ಲಿ ಕಣ್ಣಿಗೆ ಕಾಣದ ಸಸ್ಯಗಳು ಹುಲುಸಾಗಿ ಬೆಳೆಯುತ್ತವೆ, ನೀರು ಹಸಿರು ತಿರುಗುತ್ತದೆ. ಅಲ್ಲಿ ಸಣ್ಣ ಮೀನು, ಅದರ ಹಿಂದೆ ದೊಡ್ಡ ಮೀನು. ಬಿಸಿನೀರು-ತಣ್ಣೀರು ಕೂಡುವ ಗೆರೆಯನ್ನು, ಹಸಿರಿನ ತೀವ್ರತೆಯನ್ನು ಉಪಗ್ರಹ ಮೇಲಿನಿಂದ ಗುರುತಿಸುತ್ತದೆ. ಇಂಥ ಬಂದರಿನಿಂದ ಇಂಥ ದಿಕ್ಕಿಗೆ, ಇಷ್ಟು ಕಿಲೋಮೀಟರ್, ಇಷ್ಟು ಆಳದಲ್ಲಿ ಮೀನು ಇರುವ ಸಂಭವವಿದೆ ಎಂಬ ಸೂಚನೆ ಕನ್ನಡದಲ್ಲೇ ಮೊಬೈಲಿಗೆ ಬರುತ್ತದೆ. ಮೋಡ ಮುಸುಕಿದರೆ ಇಲ್ಲ. ಜೂನ್-ಜುಲೈ ಮೀನುಗಾರಿಕೆ ನಿಷೇಧದ ಎರಡು ತಿಂಗಳೂ ಇಲ್ಲ.

ಭಟ್ಕಳದ ಮಾವಿನಕುರ್ವೆಯಿಂದಲೋ ತದಡಿಯಿಂದಲೋ ಹೊರಡುವ ಬೋಟಿನ ಮುಖ್ಯ ಖರ್ಚು ಡೀಸೆಲ್ಲಿನದು. ಮೀನು ಹುಡುಕುತ್ತ ಅಲೆಯುವ ಹೊತ್ತು ಕಡಿಮೆಯಾದಷ್ಟೂ ಅದು ನೇರ ಉಳಿತಾಯ. ಗಾಳಿ, ಅಲೆಗಳ ಮುನ್ಸೂಚನೆ ನೋಡಿ ಹೊರಡದೆ ಉಳಿದ ದಿನವೂ ಉಳಿತಾಯವೇ. ಎಷ್ಟೋ ಸಲ ಜೀವದ ಉಳಿತಾಯ. ದಿಲ್ಲಿಯ ಎನ್‌ಸಿಎಇಆರ್ ಸಂಸ್ಥೆ 2020ರಲ್ಲಿ ರೈತರನ್ನೂ ಮೀನುಗಾರರನ್ನೂ ವಿಚಾರಿಸಿ ಒಂದು ವರದಿ ಕೊಟ್ಟಿತು: ಮಾನ್ಸೂನ್ ಮಿಷನ್ನಿಗೆ ಮತ್ತು ಹವಾಮಾನ ಲೆಕ್ಕಾಚಾರದ ಮಹಾ ಕಂಪ್ಯೂಟರುಗಳಿಗೆ ದೇಶ ಹಾಕಿದ್ದು ಸುಮಾರು 1,000 ಕೋಟಿ, ಐದು ವರ್ಷಗಳಲ್ಲಿ ತಿರುಗಿ ಬರುವ ಪ್ರಯೋಜನ ಸುಮಾರು 50,000 ಕೋಟಿ. ರೂಪಾಯಿಗೆ ಐವತ್ತು. ಇಂಥ ಅಂಕಿಗಳನ್ನು ನಾನು ಸ್ವಲ್ಪ ತಟ್ಟಿಯೇ ನೋಡುತ್ತೇನೆ, ಯಾಕೆಂದರೆ ಅಧ್ಯಯನ ಮಾಡಿಸಿದ್ದು ದುಡ್ಡು ಹಾಕಿದ ಇಲಾಖೆಯೇ. ಆದರೆ ಮುಕ್ಕಾಲು ಪಾಲು ಕಳೆದುಬಿಟ್ಟರೂ ಉಳಿಯುವುದು ಯಾವ ಬ್ಯಾಂಕೂ ಕೊಡದ ಬಡ್ಡಿ.

ಇದಕ್ಕಿಂತ ನನ್ನ ಮನಸ್ಸಿಗೆ ಹಿಡಿಸಿದ ಅಧ್ಯಯನ ಇನ್ನೊಂದಿದೆ. ಅದೂ ನಮ್ಮ ಕಡಲಿನದೇ. ರಾಬರ್ಟ್ ಜೆನ್ಸನ್ ಎಂಬ ಅರ್ಥಶಾಸ್ತ್ರಜ್ಞರು ಕಾಸರಗೋಡು, ಕಣ್ಣೂರು, ಕೋಝಿಕ್ಕೋಡು ಜಿಲ್ಲೆಗಳ ತಾರ್ಲೆ ಮೀನುಗಾರರನ್ನು 1996ರಿಂದ 2001ರವರೆಗೆ ಗಮನಿಸಿದರು. ಮೊಬೈಲ್ ಆಗತಾನೇ ಬರುತ್ತಿದ್ದ ಕಾಲ. ಅಲ್ಲಿಯವರೆಗೆ ಒಂದು ದಕ್ಕೆಯಲ್ಲಿ ಕೊಳ್ಳುವವರಿಲ್ಲದೆ ಮೀನು ಕಡಲಿಗೆ ಚೆಲ್ಲುತ್ತಿದ್ದರೆ, ಹತ್ತಿಪ್ಪತ್ತು ಕಿಲೋಮೀಟರ್ ಆಚೆಯ ದಕ್ಕೆಯಲ್ಲಿ ಮೀನಿಗಾಗಿ ಜನ ಕಾಯುತ್ತಿದ್ದರು. ಫೋನ್ ಬಂದ ಮೇಲೆ ದೋಣಿಯಿಂದಲೇ ದರ ವಿಚಾರಿಸಿ ಎಲ್ಲಿಗೆ ಹೋಗಬೇಕೋ ಅಲ್ಲಿಗೆ ಹೋದರು. ಚೆಲ್ಲುವುದು ನಿಂತಿತು. ಮೀನುಗಾರರ ಲಾಭ ಶೇ. 8 ಏರಿತು, ಕೊಳ್ಳುವವರಿಗೆ ಬೆಲೆ ಶೇ. 4 ಇಳಿಯಿತು. ಹಿಡಿದ ಮೀನು ಅಷ್ಟೇ. ಎರಡೂ ಕಡೆಯವರಿಗೆ ಲಾಭ. ಬೆಳವಣಿಗೆ ಎಂದರೆ ಏನೆಂದು ಮಕ್ಕಳಿಗೆ ಹೇಳಬೇಕಾದರೆ ನಾನು ಈ ತಾರ್ಲೆಯ ಕತೆಯನ್ನೇ ಹೇಳುತ್ತೇನೆ.

ಆದರೆ ಹಿಡಿಯುವ ಮೀನು ಯಾವಾಗಲೂ ಅಷ್ಟೇ ಇರುವುದಿಲ್ಲ. ಅಲ್ಲೇ ತೊಡಕು.

ನಮ್ಮ ದಂಡೆಯ ಹಿರಿಯರಿಗೆ ರಂಪಣಿ ನೆನಪಿದೆ. ಊರಿನವರು ಪಾಲು ಹಾಕಿ ಕಟ್ಟಿದ ಬಲೆ. ಬಂಗಡೆ ಹಿಂಡು ದಡದ ಹತ್ತಿರ ಬಂದಾಗ ದೋಣಿ ಸುತ್ತುಹಾಕಿ ಬಲೆ ಇಳಿಸಿ ಬರುತ್ತಿತ್ತು. ಎರಡೂ ತುದಿಗಳನ್ನು ಊರಿಗೆ ಊರೇ ಹಿಡಿದು ಎಳೆಯುತ್ತಿತ್ತು. ಬಲೆಯ ಪಾಲುದಾರನಿಗೆ ಪಾಲು, ಎಳೆದವನಿಗೆ ಪಾಲು. 1950ರ ದಶಕದಲ್ಲಿ ಕೇರಳದಲ್ಲಿ ಶುರುವಾದ ಭಾರತ-ನಾರ್ವೆ ಯೋಜನೆ ಆಮೇಲೆ ಕಾರವಾರಕ್ಕೂ ಬಂತು. ಯಂತ್ರದ ದೋಣಿ, ನೈಲಾನ್ ಬಲೆ, ಮಂಜುಗಡ್ಡೆ ಕಾರ್ಖಾನೆ ಎಲ್ಲ ಬಂದವು. 1970ರ ದಶಕದ ನಡುವಿನಲ್ಲಿ ಕರ್ನಾಟಕದ ಕಡಲಿಗೆ ಪರ್ಸೀನ್ ಬೋಟುಗಳು ಇಳಿದವು. ಹಿಂಡು ದಡಕ್ಕೆ ಬರುವವರೆಗೆ ಕಾಯಬೇಕಾಗಿಲ್ಲ, ಇದ್ದಲ್ಲಿಗೇ ಹೋಗಿ ಸುತ್ತುವರಿದು ಬಾಚಬಹುದು. ಕೆಲವೇ ವರ್ಷಗಳಲ್ಲಿ ರಂಪಣಿ ಮುಗಿಯಿತು. ರಾಜ್ಯದ ಮೀನಿನ ಒಟ್ಟು ಲೆಕ್ಕ ಏರಿತು, ರಫ್ತು ಏರಿತು. ದಡದಲ್ಲಿ ಹಗ್ಗ ಎಳೆಯುತ್ತಿದ್ದವನ ಪಾಲು ಆ ಲೆಕ್ಕದೊಳಗೆ ಇರಲಿಲ್ಲ.

ಯಂತ್ರವೇ ಬೇಡವಾಗಿತ್ತು ಎಂದು ನಾನು ಹೇಳುವವನಲ್ಲ. ಎದೆಮಟ್ಟದ ನೀರಿನಲ್ಲಿ ನಿಂತು ಬಲೆ ಎಳೆದವರಾರೂ ತಮ್ಮ ಮಕ್ಕಳು ಅದನ್ನೇ ಮಾಡಲಿ ಎನ್ನುವುದಿಲ್ಲ. ನನ್ನ ತಕರಾರು ಬೇರೆ. ಮೀನು ಹಿಡಿಯುವ ವಿದ್ಯೆಗೆ ಸಾಲ, ಸಬ್ಸಿಡಿ, ತರಬೇತಿ ಎಲ್ಲ ಹರಿಯಿತು. ಮೀನು ಎಷ್ಟಿದೆ, ಯಾವಾಗ ಮರಿ ಹಾಕುತ್ತದೆ, ಎಷ್ಟು ಬಿಡಬೇಕು ಎಂದು ಎಣಿಸುವ ವಿದ್ಯೆ ಬಂದದ್ದೇನೋ ಬೇಗ. ಕೇಂದ್ರೀಯ ಕಡಲ ಮೀನುಗಾರಿಕೆ ಸಂಶೋಧನಾ ಸಂಸ್ಥೆ ಹುಟ್ಟಿದ್ದು 1947ರಲ್ಲೇ, ನಮ್ಮ ಜಿಲ್ಲೆಯ ಕಾರವಾರದಲ್ಲೇ ಅದರ ಕೇಂದ್ರವಿದೆ. ಆದರೆ ಆ ವಿಜ್ಞಾನಿಗಳ ಮಾತು ಬಂದರಿನ ಹರಾಜುಕಟ್ಟೆಯವರೆಗೆ ನಡೆದುಬರಲು ದಶಕಗಳು ಬೇಕಾದವು. 2012ರ ಆಸುಪಾಸಿನಲ್ಲಿ ರಾಶಿ ಬಿದ್ದ ತಾರ್ಲೆ ಆಮೇಲಿನ ವರ್ಷಗಳಲ್ಲಿ ಕುಸಿದಾಗ, ಮರಿಮೀನು ಹಿಡಿಯಬೇಡಿ ಎಂಬ ಅವರ ಹಳೆಯ ಮಾತಿಗೆ ಕಿವಿಗಳು ಸಿಕ್ಕವು. ಈಗ ಅದೇ ಕೇಂದ್ರ ಪಂಜರದಲ್ಲಿ ಮೀನು ಸಾಕುವುದನ್ನು ಕಲಿಸುತ್ತಿದೆ. ಹಿಡಿಯುವುದರಿಂದ ಸಾಕುವುದಕ್ಕೆ ತಿರುಗುವ ಈ ಕೆಲಸ ಶರಾವತಿ, ಅಘನಾಶಿನಿಯಂಥ ಅಳಿವೆಗಳಿರುವ ನಮಗೆ ತೀರಾ ಹತ್ತಿರದ್ದು.

ಅಘನಾಶಿನಿ ಎಂದ ಮೇಲೆ ಕುಮಟಾದ ಮಾತು. ಒಂದು ಕಾಲಕ್ಕೆ ಲಂಡನ್ನಿನ, ಲಿವರ್‌ಪೂಲಿನ ವ್ಯಾಪಾರಿಗಳಿಗೆ ಈ ಹೆಸರು ಗೊತ್ತಿತ್ತು: ಕುಮಟಾ ಹತ್ತಿ. ಹತ್ತಿ ಬೆಳೆದದ್ದು ಧಾರವಾಡ ಸೀಮೆಯ ಎರೆನೆಲದಲ್ಲಿ, ದೇವಿಮನೆ ಘಟ್ಟ ಇಳಿದು ಹಡಗು ಹತ್ತಿದ್ದು ಇಲ್ಲಿ. ಅಮೆರಿಕದ ಅಂತರ್ಯುದ್ಧ ನಡೆದ 1861ರಿಂದ 65ರವರೆಗೆ ಕುಮಟಾಕ್ಕೆ ಸುಗ್ಗಿಯೋ ಸುಗ್ಗಿ. 1880ರ ದಶಕದಲ್ಲಿ ರೈಲು ಮರ್ಮಗೋವಾದ ಕಡೆ ತಿರುಗಿತು, ಹತ್ತಿಯೂ ತಿರುಗಿತು. ಬಂದರಿಗೆ ಹೆಸರಷ್ಟೇ ಉಳಿಯಿತು. ಹತ್ತಿಯ ಬೀಜದ ವಿದ್ಯೆ ಬೆಳೆದದ್ದು ಧಾರವಾಡದಲ್ಲಿ. ಅಲ್ಲಿನ ಸಂಶೋಧನಾ ಕೇಂದ್ರದಿಂದ ಜಯಧರ ತಳಿ ಬಂತು, 1972ರಲ್ಲಿ ಡಾ. ಬಿ.ಎಚ್. ಕಟಾರಕಿಯವರ ವರಲಕ್ಷ್ಮಿ ಬಂತು. ಎರಡು ಬೇರೆ ಜಾತಿಯ ಹತ್ತಿಗಳನ್ನು ಕೂಡಿಸಿ ವಾಣಿಜ್ಯ ಬೆಳೆಗೆ ತಂದ ಮೊದಲ ಸಂಕರ ತಳಿ ಅದು. ನೂಲಿನ ಎಳೆ ಉದ್ದವಾಯಿತು, ರೈತರ ಕೈಗೆ ದುಡ್ಡು ಬಂತು. ಸಾಗಾಟದ ಕಮಾಯಿಗೂ ತಿಳಿವಳಿಕೆಯ ಕಮಾಯಿಗೂ ಎಷ್ಟು ಅಂತರ ಎಂಬುದಕ್ಕೆ ಈ ಎರಡು ಊರುಗಳನ್ನು ಪಕ್ಕಪಕ್ಕ ಇಟ್ಟು ನೋಡಬಹುದು.

ಆದರೂ ಕುಮಟಾದ ಕೈಯಲ್ಲಿ ಬೀಜದ ಒಂದು ಆಸ್ತಿ ಇದೆ. ಅಘನಾಶಿನಿಯ ಗಜನಿ ಗದ್ದೆಗಳ ಕಗ್ಗ ಭತ್ತ. ಉಪ್ಪುನೀರು ತಡೆಯುತ್ತದೆ, ನೆರೆಯಲ್ಲಿ ಕೆಲವು ದಿನ ಮುಳುಗಿದರೂ ಸಾಯುವುದಿಲ್ಲ, ಆಳೆತ್ತರ ಬೆಳೆಯುತ್ತದೆ, ಗೊಬ್ಬರ ಕೇಳುವುದಿಲ್ಲ. ಮಾಣಿಕಟ್ಟೆಯಂಥ ಊರುಗಳಲ್ಲಿ ರೈತರು ಅದನ್ನು ಹಟ ಹಿಡಿದು ಉಳಿಸಿಕೊಂಡು ಬಂದಿದ್ದಾರೆ. ಇದರ ಬೆಲೆ ತಿಳಿಯಬೇಕಾದರೆ ಒಡಿಶಾದ ಒಂದು ನಾಡತಳಿಯನ್ನು ನೋಡಿ. ಮುಳುಗಿದರೂ ಬದುಕುವ ಆ ಭತ್ತದಲ್ಲಿದ್ದ ಜೀನನ್ನು ಫಿಲಿಪೀನ್ಸಿನ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆ ಮತ್ತು ಅಮೆರಿಕದ ವಿಜ್ಞಾನಿಗಳು ಹುಡುಕಿ ತೆಗೆದರು. ಅದನ್ನು ಸೇರಿಸಿದ ಸ್ವರ್ಣಾ-ಸಬ್1 ತಳಿ 2009ರಲ್ಲಿ ಭಾರತದಲ್ಲಿ ಬಿಡುಗಡೆಯಾಗಿ ನೆರೆ ಬರುವ ಜಿಲ್ಲೆಗಳಲ್ಲೆಲ್ಲ ಹಬ್ಬಿತು. ಉಪ್ಪು ತಡೆಯುವ ಗುಣವನ್ನು ಕೇರಳದ ಪೊಕ್ಕಾಳಿ ಭತ್ತದಿಂದ ಪಡೆದರು. ಕಗ್ಗದಲ್ಲಿ ಎರಡೂ ಗುಣ ಇವೆ. ಹುಡುಕಲು ಕೂತವರು ಕಡಿಮೆ.

ಭಟ್ಕಳದ ಕಡೆ ತಿರುಗಿದರೆ ಲೆಕ್ಕ ಮತ್ತೆ ಬೇರೆ. 2022ರ ಆಗಸ್ಟ್ 2ರಂದು ಅಲ್ಲಿ ಒಂದೇ ದಿನದಲ್ಲಿ 500 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯಿತು. ಪೇಟೆ ಮುಳುಗಿತು, ಮುಟ್ಟಳ್ಳಿಯಲ್ಲಿ ಗುಡ್ಡ ಕುಸಿದು ಒಂದೇ ಮನೆಯ ನಾಲ್ವರು ಹೋದರು. ಇಷ್ಟು ಸಣ್ಣ ಜಾಗದಲ್ಲಿ, ಇಷ್ಟು ಕಡಿಮೆ ಹೊತ್ತಿನಲ್ಲಿ ಬೀಳುವ ಮಳೆಯನ್ನು ಮೊದಲೇ ಹೇಳುವುದು ಹವಾಮಾನ ಶಾಸ್ತ್ರಕ್ಕೆ ಇನ್ನೂ ಕಷ್ಟ. ರಾಡಾರುಗಳು ಹತ್ತಿರ ಹತ್ತಿರ ಬೇಕು, ಘಟ್ಟದ ಮಗ್ಗುಲಲ್ಲಿ ಮೋಡ ಹೇಗೆ ನಡೆದುಕೊಳ್ಳುತ್ತದೆಂದು ತಿಳಿಯಬೇಕು. 2024ರ ಸೆಪ್ಟೆಂಬರಿನಲ್ಲಿ ಕೇಂದ್ರ ಸರಕಾರ ಮಿಷನ್ ಮೌಸಮ್ ಎಂಬ ಯೋಜನೆಗೆ 2,000 ಕೋಟಿ ಇಟ್ಟದ್ದು ಇಂಥ ಕೆಲಸಕ್ಕೇ. ಭಟ್ಕಳದಲ್ಲಿ ದುಡ್ಡಿಗೆ ಬರ ಇಲ್ಲ. ಕೊಲ್ಲಿ ರಾಷ್ಟ್ರಗಳಲ್ಲಿ ದುಡಿದ ಹಣ ತಲೆಮಾರುಗಳಿಂದ ಬರುತ್ತಿದೆ. ಓದಿಗೂ ಬರ ಇಲ್ಲ. ಅಂಜುಮನ್ ಸಂಸ್ಥೆ 1919ರದ್ದು, ಅದರ ಎಂಜಿನಿಯರಿಂಗ್ ಕಾಲೇಜು 1980ರದ್ದು. ಅಲ್ಲಿ ಓದಿದ ಎಷ್ಟೋ ಹುಡುಗರು ದುಬೈಗೋ ಬೆಂಗಳೂರಿಗೋ ಹೋಗುತ್ತಾರೆ. ತಮ್ಮದೇ ಊರಿನ ಗುಡ್ಡ ಯಾವ ಮಳೆಗೆ ಜಾರುತ್ತದೆಂದು ಅಳೆಯುವ ಕೆಲಸಕ್ಕೆ ಸಂಬಳ ಕೊಡುವವರು ಊರಿನಲ್ಲಿ ಇದ್ದಿದ್ದರೆ ಕೆಲವರಾದರೂ ನಿಲ್ಲುತ್ತಿದ್ದರೇನೋ.

ಇನ್ನು ಕಾಡು. ನಾನು ಈ ಭಾಷಣ ಬರೆಯಲು ಕೂತದ್ದೇ ಇದಕ್ಕಾಗಿ.

ಸೋಲೋ ಅವರ ಲೇಖನ ಬಂದ ಅದೇ 1957ರಲ್ಲಿ, ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಲುಸಾಲಾಗಿ ಸತ್ತವು. ಹಿಂದೆಯೇ ಜನರಿಗೆ ಜ್ವರ. ಪುಣೆಯ ವೈರಸ್ ಸಂಶೋಧನಾ ಕೇಂದ್ರ ಆಗ ಐದು ವರ್ಷದ ಕೂಸು. ರಾಕ್‌ಫೆಲ್ಲರ್ ಪ್ರತಿಷ್ಠಾನ ಮತ್ತು ಭಾರತದ ವೈದ್ಯಕೀಯ ಸಂಶೋಧನಾ ಪರಿಷತ್ತು, ಅಂದರೆ ಐಸಿಎಂಆರ್, 1952ರಲ್ಲಿ ಕೂಡಿ ಕಟ್ಟಿದ್ದು. ಏಷ್ಯಾದಲ್ಲೇ ಇಲ್ಲದ ಹಳದಿ ಜ್ವರ ಬಂತೋ ಎಂಬ ದಿಗಿಲಿನಲ್ಲಿ ವಿಜ್ಞಾನಿಗಳು ಓಡಿಬಂದರು. ಅದೇ ವರ್ಷ ವೈರಸ್ ಪತ್ತೆಯಾಯಿತು: ಹೊಸದು, ಉಣುಗುಗಳಿಂದ ಹರಡುವಂಥದ್ದು. ಆ ಕಾಲಕ್ಕೆ ಅದು ಜಗತ್ತೇ ಮೆಚ್ಚಿದ ಕೆಲಸ.

1980ರ ದಶಕದಲ್ಲಿ ಈ ಮಂಗನ ಕಾಯಿಲೆ ಹೊನ್ನಾವರದ ಸುತ್ತಿನ ಕಾಡಿಗೂ ಇಳಿಯಿತು. ಡಿಸೆಂಬರಿನಿಂದ ಮೇವರೆಗೆ ಅದರ ಕಾಲ. ನಮ್ಮ ಜನ ಸೊಪ್ಪಿಗೆ, ದರಕಿಗೆ, ಕಟ್ಟಿಗೆಗೆ ಕಾಡು ಹೊಗುವ ಕಾಲವೂ ಅದೇ. ತೋಟಕ್ಕೆ ದರಕು ಬೇಕು, ಕೊಟ್ಟಿಗೆಗೆ ಸೊಪ್ಪು ಬೇಕು. ಕಾಡು ಬಿಟ್ಟು ಇಲ್ಲಿನ ಕೃಷಿ ಇಲ್ಲ. ಜ್ವರ ಬಂದವರು ವಾರಗಟ್ಟಲೆ ಏಳುವುದಿಲ್ಲ. ನೂರರಲ್ಲಿ ಮೂರರಿಂದ ಐದು ಮಂದಿ ಸಾಯುತ್ತಾರೆ. ಔಷಧ ಇಲ್ಲ. ಇದ್ದ ಲಸಿಕೆ 1960ರ ದಶಕದ ವಿಧಾನದ್ದು. ಬೆಂಗಳೂರಿನ ಹೆಬ್ಬಾಳದ ಪಶುವೈದ್ಯ ಸಂಸ್ಥೆಯಲ್ಲಿ ತಯಾರಾಗುತ್ತಿತ್ತು. 2005ರಿಂದ 2010ರವರೆಗಿನ ದಾಖಲೆ ತೆಗೆದು ನೋಡಿದಾಗ ಎರಡು ಡೋಸಿಗೆ ಶೇ. 62ರಷ್ಟು, ಮೂರಕ್ಕೆ ಶೇ. 83ರಷ್ಟು ರಕ್ಷಣೆ ಕಂಡಿತು. ಒಂದು ಡೋಸ್ ಹಾಕಿಸಿಕೊಂಡವರಿಗೆ ಏನೇನೂ ಇಲ್ಲ. ಅದೂ ಮತ್ತೆ ಮತ್ತೆ ಹಾಕಿಸಿಕೊಳ್ಳಬೇಕು. ಚುಚ್ಚಿದಲ್ಲಿ ನೋವು, ಕೂಲಿಯ ದಿನ ಹಾಳು. ಜನ ಎರಡನೆಯದಕ್ಕೆ ಬರುತ್ತಿರಲಿಲ್ಲ. ಕೊನೆಗೆ 2022ರಲ್ಲಿ ಅದನ್ನು ಕೊಡುವುದೇ ನಿಂತಿತು. ವೈರಸ್ ಹುಡುಕಲು ಒಂದು ವರ್ಷವೂ ಬೇಕಾಗಿರಲಿಲ್ಲ. ಅದಾಗಿ ಅರವತ್ತೈದು ವರ್ಷಗಳ ಮೇಲೆ ನಮ್ಮ ಕೈಯಲ್ಲಿ ಲಸಿಕೆಯೇ ಇಲ್ಲ. ಈಗ ಐಸಿಎಂಆರ್ ಮತ್ತು ಹೈದರಾಬಾದಿನ ಇಂಡಿಯನ್ ಇಮ್ಯುನಾಲಾಜಿಕಲ್ಸ್ ಕೂಡಿ ಹೊಸದೊಂದನ್ನು ಮಾಡಲು ಹೊರಟಿವೆ.

ಏಕೆ ಹೀಗಾಯಿತು? ವಿಜ್ಞಾನಿಗಳಿಗೆ ಬರಲಿಲ್ಲವೆಂದಲ್ಲ. ಎರಡೇ ವರ್ಷದಲ್ಲಿ ಕೋವಿಡ್ಡಿಗೆ ದೇಶದೊಳಗೇ ಲಸಿಕೆ ತಯಾರಾಗಿ ಕೋಟಿಗಟ್ಟಲೆ ಜನರಿಗೆ ಸಿಕ್ಕದ್ದನ್ನು ಕಂಡಿದ್ದೇವೆ. ಮಂಗನ ಕಾಯಿಲೆಗೆ ವರ್ಷಕ್ಕೆ ಕೆಲವು ನೂರು ರೋಗಿಗಳು, ಹೆಚ್ಚಿನವರು ಘಟ್ಟದ ಬಡವರು. ಮಾರುಕಟ್ಟೆಯ ಲೆಕ್ಕಕ್ಕೆ ಅದು ಹತ್ತುವುದೇ ಇಲ್ಲ. ಇಲ್ಲಿ 64 ಪೈಸೆಯ ಒಳಗುಟ್ಟನ್ನೂ ನೋಡಬೇಕು. ಅದರಲ್ಲಿ ಖಾಸಗಿಯವರ ಪಾಲು ಮೂರರಲ್ಲಿ ಒಂದಕ್ಕಿಂತ ತುಸು ಹೆಚ್ಚು, ಅಷ್ಟೇ. ಚೀನ, ಕೊರಿಯ, ಅಮೆರಿಕಗಳಲ್ಲಿ ಹೆಚ್ಚಿನ ಪಾಲು ಖಾಸಗಿಯವರದ್ದೇ. ಇದನ್ನು ಸರಿಪಡಿಸಲೆಂದು ಕೇಂದ್ರ ಸಂಪುಟ 2025ರ ಜುಲೈನಲ್ಲಿ ಒಂದು ಲಕ್ಷ ಕೋಟಿ ರೂಪಾಯಿಯ ನಿಧಿಗೆ ಒಪ್ಪಿಗೆ ಕೊಟ್ಟಿತು. ಪ್ರಯೋಗಾಲಯ ದಾಟಿ ಮಾರುಕಟ್ಟೆಯ ಕಡೆ ಹೊರಟ ತಂತ್ರಜ್ಞಾನಕ್ಕೆ ಕಂಪನಿಗಳಿಗೆ ಕಡಿಮೆ ಬಡ್ಡಿಯ ದೀರ್ಘ ಸಾಲ. ಒಳ್ಳೆಯದೇ. ಆದರೆ ಮಾರುಕಟ್ಟೆಯೇ ಇಲ್ಲದ ಲಸಿಕೆ ಯಾವ ಕಡೆ ಹೊರಡಬೇಕು? ಕೊಳೆರೋಗಕ್ಕೆ ಮೈಸೂರು ಸಂಸ್ಥಾನ ಮಾಡಿದಂತೆ ಇದನ್ನು ಸರಕಾರವೇ ತನ್ನ ದುಡ್ಡಿನಲ್ಲಿ, ಲಾಭ ಕೇಳದೆ, ಮುಗಿಯುವವರೆಗೆ ಮಾಡಿಸಬೇಕು. 2023ರ ಕಾಯಿದೆಯಿಂದ ಹುಟ್ಟಿದ ಅನುಸಂಧಾನ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನಕ್ಕೆ ಐದು ವರ್ಷಕ್ಕೆ 50,000 ಕೋಟಿ ಎಂದಿದ್ದಾರೆ. ಅದರಲ್ಲೂ ಬಹುಪಾಲು ಸರಕಾರದ ಹೊರಗಿನಿಂದ ಬರಬೇಕಾದ ಹಣ. ಅದು ಬಂದರೆ ಕಗ್ಗಕ್ಕೋ, ಮಂಗನ ಕಾಯಿಲೆಗೋ, ಈಗ ಅಡಿಕೆ ತೋಟಗಳನ್ನು ಕಾಡುತ್ತಿರುವ ಎಲೆಚುಕ್ಕಿ ರೋಗಕ್ಕೋ ಎಷ್ಟು ಸಿಕ್ಕಿತು ಎಂದು ನಮ್ಮ ಶಾಸಕರನ್ನೂ ಸಂಸದರನ್ನೂ ಕೇಳುವವರು ಬೇಕು. ಹೆದ್ದಾರಿಯ ಬಗ್ಗೆ ಕೇಳುತ್ತೇವಲ್ಲ, ಹಾಗೆಯೇ.

ಹೊಸ ಲಸಿಕೆ ಬರುವವರೆಗೆ ಇರುವುದು ಡೆಪಾ ಎಣ್ಣೆ. ಸೈನಿಕರಿಗೆ ಸೊಳ್ಳೆ, ಉಣುಗು ಕಚ್ಚದಿರಲೆಂದು ಗ್ವಾಲಿಯರಿನ ರಕ್ಷಣಾ ಪ್ರಯೋಗಾಲಯ ಕಂಡುಹಿಡಿದ ರಾಸಾಯನಿಕ ಅದು. ಆರೋಗ್ಯ ಇಲಾಖೆಯವರು ಮನೆ ಬಾಗಿಲಿಗೆ ತಂದು ಕೊಡುತ್ತಾರೆ. ಚಳಿಗಾಲದಲ್ಲಿ ದರಕಿಗೆ ಹೊರಡುವವರು ಕೈಕಾಲಿಗೆ ಅದನ್ನು ಹಚ್ಚಿಕೊಂಡು ಹೋಗಿ. ಬಂದ ಮೇಲೆ ಬಿಸಿನೀರಿನ ಸ್ನಾನ ಮಾಡಿ, ಬಟ್ಟೆಯನ್ನು ಒಳಗೆ ತರದೆ ಒಗೆಯಲು ಹಾಕಿ. ಕಾಡಿನಲ್ಲಿ ಸತ್ತ ಮಂಗ ಕಂಡರೆ ಹತ್ತಿರ ಹೋಗಬೇಡಿ. ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಅದೇ ದಿನ ಸುದ್ದಿ ಮುಟ್ಟಿಸಿ. 1957ರಲ್ಲಿ ಪುಣೆಯವರನ್ನು ಕ್ಯಾಸನೂರಿಗೆ ಕರೆತಂದದ್ದು ಸತ್ತ ಮಂಗಗಳ ಅಂಥದೇ ಸುದ್ದಿ.